ಡಿಸ್ನಿ ವರ್ಲ್ಡ್ ಮತ್ತು ಬಹಾಮಾಸ್ ಹಡಗು ಪ್ರವಾಸ: ಊಟವನ್ನೂ ನೋಟವನ್ನೂ ಹೊಂದಿಸಿಕೊಳ್ಳುವ ಕ್ರಮ

ಫ್ಲೋರಿಡಾದ ಒರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಕೆಲವು ದಿನ ಕಳೆದು, ಅಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರದ ಪೋರ್ಟ್ ಕೆನಾವೆರಲ್ ಬಂದರಿನಲ್ಲಿ ಡಿಸ್ನಿ ಹಡಗು ಹತ್ತಿ ಬಹಾಮಾಸ್ ನೋಡಿಕೊಂಡು ಬರುವ ಜೋಡಿ ಪ್ರವಾಸಕ್ಕೆ ಹೊರಡುವವರು ಟಿಕೆಟ್ಟು, ಹೋಟೆಲು, ವಿಮಾನಗಳನ್ನು ತಿಂಗಳುಗಟ್ಟಲೆ ಮುಂಚೆ ಗೊತ್ತುಮಾಡಿಕೊಂಡಿರುತ್ತಾರೆ. ಊಟದ ವಿಚಾರವನ್ನು ಮಾತ್ರ ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟಿರುತ್ತಾರೆ. ದಿನದಲ್ಲಿ ಏನನ್ನು ನೋಡಲು ಸಾಧ್ಯ, ಏನನ್ನು ಬಿಡಬೇಕಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಊಟದ ಹೊತ್ತು ಮತ್ತು ಊಟದ ಸ್ಥಳವೇ ಆಗಿರುವುದರಿಂದ, ಇವೆರಡನ್ನೂ ಒಟ್ಟಿಗೇ ಯೋಚಿಸುವುದು ಒಳ್ಳೆಯದು.

ಪ್ರವಾಸದ ಎರಡು ಭಾಗಗಳ ಸ್ವಭಾವ ಒಂದಕ್ಕೊಂದು ತದ್ವಿರುದ್ಧ. ಪಾರ್ಕಿನಲ್ಲಿ ಜನಸಂದಣಿ, ಬಿಸಿಲು, ಪ್ರದರ್ಶನಗಳ ವೇಳೆ ಯಾವುದೂ ನಮ್ಮ ಕೈಯಲ್ಲಿರುವುದಿಲ್ಲ. ಊಟವನ್ನೇ ಅವುಗಳಿಗೆ ಹೊಂದಿಸಬೇಕು. ಹಡಗಿನಲ್ಲಿ ರಾತ್ರಿಯೂಟದ ವೇಳೆ ಮೊದಲೇ ನಿಗದಿಯಾಗಿರುತ್ತದೆ. ಅಲ್ಲಿ ನೋಡುವುದನ್ನೆಲ್ಲ ಅದಕ್ಕೆ ಹೊಂದಿಸಬೇಕು. ಇದೇ ಕಾರಣಕ್ಕೆ ಪಾರ್ಕನ್ನು ಮೊದಲು ಮುಗಿಸಿ ಹಡಗನ್ನು ಆಮೇಲೆ ಇಟ್ಟುಕೊಳ್ಳುವುದು ಸರಿಯೆಂದು ನನ್ನ ಅಭಿಪ್ರಾಯ. ದಿನವಿಡೀ ನಡೆದು ದಣಿದ ಕಾಲುಗಳಿಗೆ ಹಡಗಿನ ವಿರಾಮ ಹಿತವಾಗುತ್ತದೆ. ಹಡಗಿನ ಆರಾಮಕ್ಕೆ ಒಗ್ಗಿಹೋದ ಮಕ್ಕಳನ್ನು ಮರುದಿನ ಪಾರ್ಕಿನ ಸಾಲಿನಲ್ಲಿ ನಿಲ್ಲಿಸುವುದು ಕಷ್ಟ.

ಮುಂಗಡ ಕಾಯ್ದಿರಿಸುವಿಕೆ

ಡಿಸ್ನಿ ವರ್ಲ್ಡ್‌ನಲ್ಲಿ ಮೇಜಿನ ಬಳಿ ಬಂದು ಬಡಿಸುವ ರೆಸ್ಟೋರೆಂಟುಗಳಿಗೆ 60 ದಿನ ಮುಂಚಿನಿಂದ ಸ್ಥಳ ಕಾಯ್ದಿರಿಸಬಹುದು. ಡಿಸ್ನಿಯ ಸ್ವಂತ ಹೋಟೆಲುಗಳಲ್ಲಿ ತಂಗುವವರಿಗೆ ಒಂದು ಹೆಚ್ಚಿನ ಅನುಕೂಲವಿದೆ: ಅವರು ಬಂದಿಳಿಯುವ ದಿನಕ್ಕೆ 60 ದಿನ ಇರುವಾಗಲೇ, ತಮ್ಮ ವಾಸ್ತವ್ಯದ ಮೊದಲ 10 ದಿನಗಳವರೆಗಿನ ಎಲ್ಲ ಊಟಗಳನ್ನೂ ಒಂದೇ ಸಲಕ್ಕೆ ಕಾಯ್ದಿರಿಸಬಹುದು. ಸಿಂಡರೆಲಾ ಕೋಟೆಯೊಳಗಿನ ರಾಯಲ್ ಟೇಬಲ್‌ನಂಥ ಬೇಡಿಕೆಯ ಸ್ಥಳಗಳನ್ನು ವಾಸ್ತವ್ಯದ ಕೊನೆಯ ದಿನಗಳಿಗೆ ಇಟ್ಟುಕೊಂಡರೆ ಈ ಅನುಕೂಲದ ಪೂರ್ಣ ಲಾಭ ಸಿಗುತ್ತದೆ, ಏಕೆಂದರೆ ಆ ದಿನಾಂಕಗಳು ಹೊರಗಿನವರಿಗೆ ಇನ್ನೂ ತೆರೆದಿರುವುದಿಲ್ಲ. ಹೇಳದೆ ಗೈರುಹಾಜರಾದರೆ ಅನೇಕ ರೆಸ್ಟೋರೆಂಟುಗಳು ತಲೆಗಿಷ್ಟು ಎಂದು ಹಣ ಹಿಡಿದುಕೊಳ್ಳುವುದರಿಂದ, ರದ್ದುಮಾಡುವ ಗಡುವನ್ನು ಕಾಯ್ದಿರಿಸುವಾಗಲೇ ಓದಿಟ್ಟುಕೊಳ್ಳಬೇಕು. ಬೇಕಾದ ಸ್ಥಳ ಸಿಗದಿದ್ದರೆ ನಿರಾಶರಾಗಬೇಕಿಲ್ಲ. ಪ್ರವಾಸದ ದಿನ ಹತ್ತಿರವಾದಂತೆ ಹಲವರು ಯೋಜನೆ ಬದಲಿಸುತ್ತಾರೆ, ಆಗ ಸ್ಥಳಗಳು ತೆರವಾಗುತ್ತವೆ.

ಹಡಗಿನ ಲೆಕ್ಕ ಬೇರೆ. ಮುಖ್ಯ ರೆಸ್ಟೋರೆಂಟುಗಳಿಗೆ ಏನನ್ನೂ ಕಾಯ್ದಿರಿಸಬೇಕಿಲ್ಲ. ವಯಸ್ಕರಿಗೆ ಮಾತ್ರ ಮೀಸಲಾದ ಪಾಲೊದಂಥ ಪ್ರತ್ಯೇಕ ಶುಲ್ಕದ ರೆಸ್ಟೋರೆಂಟು ಮತ್ತು ಬಂದರುಗಳಲ್ಲಿನ ಪ್ರವಾಸಗಳನ್ನು, ಪೂರ್ತಿ ಹಣ ಕಟ್ಟಿದ ಮೊದಲ ಸಲದ ಪ್ರಯಾಣಿಕರು 75 ದಿನ ಮುಂಚಿನಿಂದ ಕಾಯ್ದಿರಿಸಬಹುದು. ಹಿಂದೆ ಪ್ರಯಾಣ ಮಾಡಿದವರಿಗೆ ಈ ಅವಕಾಶ ಇನ್ನೂ ಮೊದಲೇ ತೆರೆಯುತ್ತದೆ. ಆಹಾರದ ಅಲರ್ಜಿ ಅಥವಾ ಪಥ್ಯವಿದ್ದರೆ ಅದನ್ನೂ ಇದೇ ಹಂತದಲ್ಲಿ ಬರಹದಲ್ಲಿ ತಿಳಿಸಬೇಕು.

ಪಾರ್ಕಿನ ದಿನಗಳು

ಯಾವ ಪಾರ್ಕಿನಲ್ಲಾದರೂ ಬಾಗಿಲು ತೆರೆದ ಮೊದಲ ಎರಡು ಗಂಟೆಗಳು ಅತ್ಯಂತ ಬೆಲೆಬಾಳುವ ಹೊತ್ತು. ಡಿಸ್ನಿ ಹೋಟೆಲಿನಲ್ಲಿರುವವರಿಗೆ ಎಲ್ಲರಿಗಿಂತ ಅರ್ಧ ಗಂಟೆ ಮೊದಲೇ ಪ್ರವೇಶ ಸಿಗುವುದರಿಂದ ಅವರಿಗೆ ಇದು ಇನ್ನಷ್ಟು ಉಪಯುಕ್ತ. ಈ ಹೊತ್ತನ್ನು ಕುಳಿತು ತಿನ್ನುವ ಉಪಾಹಾರಕ್ಕೆ ಕೊಡಬಾರದು. ಕೋಣೆಯಲ್ಲಿಯೇ ಹಣ್ಣು, ಬ್ರೆಡ್ಡು, ಹಾಲು ಮುಗಿಸಿ ಹೊರಡುವುದು ಜಾಣತನ. ಪಾರ್ಕಿನೊಳಕ್ಕೆ ಹೊರಗಿನ ತಿಂಡಿ ಒಯ್ಯಲು ಅನುಮತಿಯಿದೆ. ಗಾಜಿನ ಬಾಟಲಿ ಮತ್ತು ಮದ್ಯಕ್ಕೆ ಮಾತ್ರ ಅವಕಾಶವಿಲ್ಲ. ಕೌಂಟರಿನಲ್ಲಿ ಆಹಾರ ಕೊಡುವ ಅಂಗಡಿಗಳಲ್ಲಿ ಕೇಳಿದರೆ ಐಸು ಹಾಕಿದ ನೀರನ್ನು ಲೋಟದಲ್ಲಿ ಉಚಿತವಾಗಿ ಕೊಡುತ್ತಾರೆ. ಫ್ಲೋರಿಡಾದ ಬೇಸಿಗೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಮಧ್ಯಾಹ್ನದ ಊಟವನ್ನು 11 ಗಂಟೆಗೆ ಅಥವಾ 2 ಗಂಟೆಯ ನಂತರ ಮಾಡಬೇಕು. ನಡುವಿನ ಹೊತ್ತಿನಲ್ಲಿ ಕೂರಲು ಜಾಗ ಹುಡುಕುವುದೇ ಒಂದು ಕೆಲಸವಾಗುತ್ತದೆ. ಕೌಂಟರಿನ ಊಟಕ್ಕೆ ಡಿಸ್ನಿಯ ಆ್ಯಪ್‌ನಲ್ಲಿ ಬೆಳಗ್ಗೆಯೇ ಆರ್ಡರ್ ಕೊಟ್ಟು, ತೆಗೆದುಕೊಳ್ಳುವ ವೇಳೆಯನ್ನು ಆರಿಸಿಟ್ಟರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. 1971ರ ಅಕ್ಟೋಬರ್ 1ರಂದು ತೆರೆದ ಮ್ಯಾಜಿಕ್ ಕಿಂಗ್‌ಡಮ್ ನಾಲ್ಕು ಪಾರ್ಕುಗಳಲ್ಲಿ ಮೊದಲನೆಯದು, ನೂಕುನುಗ್ಗಲೂ ಹೆಚ್ಚು. ಅಲ್ಲಿನ ಕೊಲಂಬಿಯಾ ಹಾರ್ಬರ್ ಹೌಸ್‌ನ ಮಹಡಿಯಲ್ಲಿ ಕೆಳಗಿನ ಗದ್ದಲದಿಂದ ದೂರವಾಗಿ ಕುಳಿತು ಉಣ್ಣಬಹುದು. ಬಿಸಿಲು ತೀರಾ ಏರಿದಾಗ ಮೊನೊರೈಲು ಹತ್ತಿ ಕಂಟೆಂಪರರಿ, ಪಾಲಿನೇಷಿಯನ್ ಅಥವಾ ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲಿಗೆ ಹೋಗಿ ತಂಪಾಗಿ ಊಟಮಾಡಿ, ಸಂಜೆ ಮರಳುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಕ್ರಮ. ಆದರೆ ಸ್ವಂತ ಕಾರಿನಲ್ಲಿ ಬರುವವರು ಒಂದು ಮಾತನ್ನು ನೆನಪಿಡಬೇಕು: ಮ್ಯಾಜಿಕ್ ಕಿಂಗ್‌ಡಮ್‌ನ ಕಾರು ನಿಲ್ದಾಣ ಪಾರ್ಕಿನ ಬಾಗಿಲಲ್ಲಿಲ್ಲ, ಸರೋವರದ ಆಚೆ ದಡದಲ್ಲಿದೆ. ಅಲ್ಲಿಂದ ಮೊನೊರೈಲಿನಲ್ಲೋ ದೋಣಿಯಲ್ಲೋ ದಾಟಿ ಬರಬೇಕಾದ್ದರಿಂದ ಬೆಳಗಿನ ಊಟವನ್ನು ಕಾಯ್ದಿರಿಸಿದವರು ಧಾರಾಳವಾಗಿ ಸಮಯ ಇಟ್ಟುಕೊಂಡು ಹೊರಡಬೇಕು.

ರಾತ್ರಿಯ ಬಾಣಬಿರುಸನ್ನು ಕೋಟೆಯ ಮುಂದೆ ನಿಂತು ನೋಡಬೇಕೆಂದರೆ ಬಹಳ ಹೊತ್ತು ಮುಂಚೆಯೇ ಜಾಗ ಹಿಡಿದು ನಿಲ್ಲಬೇಕು. ಒಮ್ಮೆಯಾದರೂ ಹಾಗೆ ನೋಡಲೇಬೇಕು ಎಂಬುದು ನಿಜ. ಎರಡನೆಯ ಸಲಕ್ಕೆ ಪಾಲಿನೇಷಿಯನ್ ಹೋಟೆಲಿನ ಮರಳದಂಡೆಯಿಂದ ಅದೇ ಬೆಳಕನ್ನು ಸರೋವರದ ಮೇಲೆ ನೋಡಬಹುದು. ಅಲ್ಲಿ 1971ರಿಂದ ನಡೆದುಕೊಂಡು ಬಂದಿರುವ, ದೀಪಗಳಲ್ಲಿ ಮೂಡಿಸಿದ ಜಲಚರಗಳ ತೆಪ್ಪಗಳ ಮೆರವಣಿಗೆಯೂ ರಾತ್ರಿ ಸಾಗುತ್ತದೆ. ಕಂಟೆಂಪರರಿಯ 15ನೇ ಮಹಡಿಯಲ್ಲಿರುವ ಕ್ಯಾಲಿಫೋರ್ನಿಯಾ ಗ್ರಿಲ್ ದುಬಾರಿಯಾದರೂ ಅಲ್ಲಿಂದ ಕಾಣುವ ನೋಟ ವಿಶಾಲವಾದದ್ದು.

ಊಟ ಮತ್ತು ನೋಟ ನಿಜವಾಗಿ ಒಂದಾಗುವುದು 1982ರಲ್ಲಿ ತೆರೆದ ಎಪ್ಕಾಟ್‌ನಲ್ಲಿ. ಇಲ್ಲಿನ ವರ್ಲ್ಡ್ ಶೋಕೇಸ್‌ನಲ್ಲಿ ಮೆಕ್ಸಿಕೊ, ನಾರ್ವೆ, ಚೀನಾ, ಜರ್ಮನಿ, ಇಟಲಿ, ಅಮೆರಿಕ, ಜಪಾನ್, ಮೊರಾಕ್ಕೊ, ಫ್ರಾನ್ಸ್, ಬ್ರಿಟನ್, ಕೆನಡಾ ಎಂಬ 11 ದೇಶಗಳ ಮಂಟಪಗಳು ಒಂದು ದೊಡ್ಡ ಕೊಳದ ಸುತ್ತ ಇವೆ. ಸುತ್ತಲಿನ ದಾರಿ ಸುಮಾರು ಎರಡು ಕಿಲೋಮೀಟರ್. ಈ ಭಾಗ ಸಾಮಾನ್ಯವಾಗಿ ಬೆಳಗ್ಗೆ 11ಕ್ಕೆ ತೆರೆಯುವುದರಿಂದ, ಅದಕ್ಕೆ ಮೊದಲು ಮುಂಭಾಗದ ಆಕರ್ಷಣೆಗಳನ್ನು ನೋಡಿ ಮುಗಿಸಬೇಕು. ದ ಲ್ಯಾಂಡ್ ಮಂಟಪದಲ್ಲಿ ದೋಣಿಯಲ್ಲಿ ಕುಳಿತು ಹಸಿರುಮನೆಗಳ ನಡುವೆ ಸಾಗುವ ಪ್ರಯಾಣವನ್ನು ಮಕ್ಕಳಿಗೆ ತಪ್ಪದೆ ತೋರಿಸಬೇಕು. ಅಲ್ಲಿ ಬೆಳೆದ ತರಕಾರಿಯನ್ನು ಅದೇ ಕಟ್ಟಡದ ಗಾರ್ಡನ್ ಗ್ರಿಲ್ ರೆಸ್ಟೋರೆಂಟಿನಲ್ಲಿ ಬಳಸುತ್ತಾರೆ. ಆ ರೆಸ್ಟೋರೆಂಟಿನ ಊಟದ ಭಾಗ ನಿಧಾನವಾಗಿ ಸುತ್ತುತ್ತಿರುತ್ತದೆ, ದೋಣಿಯಲ್ಲಿ ಕಂಡ ದೃಶ್ಯಗಳು ಮೇಲಿನಿಂದ ಮತ್ತೆ ಕಾಣುತ್ತವೆ.

ವರ್ಲ್ಡ್ ಶೋಕೇಸ್‌ನಲ್ಲಿ ಒಂದೇ ಕಡೆ ಹೊಟ್ಟೆತುಂಬ ಉಣ್ಣುವುದಕ್ಕಿಂತ, ನಾಲ್ಕಾರು ಮಂಟಪಗಳಲ್ಲಿ ಒಂದೊಂದು ತಿಂಡಿಯನ್ನು ಹಂಚಿಕೊಂಡು ತಿನ್ನುತ್ತ ಸುತ್ತುವುದು ಉತ್ತಮ. ವಸಂತದ ಹೂದೋಟದ ಉತ್ಸವ ಮತ್ತು ಶರತ್ಕಾಲದ ಆಹಾರ ಉತ್ಸವದ ದಿನಗಳಲ್ಲಿ ಸಣ್ಣ ಪ್ರಮಾಣದ ತಿನಿಸುಗಳ ಮಳಿಗೆಗಳು ದಾರಿಯುದ್ದಕ್ಕೂ ತೆರೆಯುತ್ತವೆ. ಕುಳಿತೇ ಉಣ್ಣಬೇಕೆನ್ನುವವರಿಗೆ ಮೆಕ್ಸಿಕೊ ಮಂಟಪದ ಪಿರಮಿಡ್ಡಿನೊಳಗಿನ ಸ್ಯಾನ್ ಆ್ಯಂಜೆಲ್ ಇನ್ ಇದೆ. ಹಗಲಲ್ಲೂ ಅಲ್ಲಿ ಬೆಳದಿಂಗಳ ರಾತ್ರಿಯ ವಾತಾವರಣವಿರುತ್ತದೆ, ಪಕ್ಕದಲ್ಲೇ ದೋಣಿಗಳು ಸಾಗುತ್ತಿರುತ್ತವೆ. ಕೊಳದ ದಂಡೆಯಲ್ಲಿರುವ ಲಾ ಹಸಿಯೆಂಡಾ ಅಥವಾ ಬ್ರಿಟನ್ ಮಂಟಪದ ರೋಸ್ ಆ್ಯಂಡ್ ಕ್ರೌನ್‌ನಲ್ಲಿ, ರಾತ್ರಿ ಪ್ರದರ್ಶನಕ್ಕೆ ಸುಮಾರು ಒಂದು ಗಂಟೆ ಮುಂಚಿನ ವೇಳೆಗೆ ಮೇಜು ಕಾಯ್ದಿರಿಸಿದರೆ ಊಟ ಮುಗಿಯುವ ಹೊತ್ತಿಗೆ ಕೊಳದ ಮೇಲೆ ಬಾಣಬಿರುಸು ಆರಂಭವಾಗುತ್ತದೆ. ಕಿಟಕಿಯ ಪಕ್ಕದ ಮೇಜೇ ಸಿಗುತ್ತದೆಂಬ ಭರವಸೆ ಇರುವುದಿಲ್ಲವಾದ್ದರಿಂದ ಒಳಗೆ ಹೋಗುವಾಗಲೇ ವಿನಯದಿಂದ ಕೇಳಬೇಕು.

1998ರಲ್ಲಿ ತೆರೆದ ಅನಿಮಲ್ ಕಿಂಗ್‌ಡಮ್‌ನಲ್ಲಿ ಕ್ರಮ ಬದಲಾಗುತ್ತದೆ. ಸುಮಾರು 110 ಎಕರೆ ಬಯಲಿನಲ್ಲಿ ತೆರೆದ ವಾಹನದಲ್ಲಿ ಸುತ್ತುವ ಕಿಲಿಮಂಜಾರೊ ಸಫಾರಿಯನ್ನು ಬೆಳಗ್ಗೆಯೇ ಮುಗಿಸಬೇಕು, ಏಕೆಂದರೆ ಬಿಸಿಲೇರಿದಂತೆ ಪ್ರಾಣಿಗಳು ನೆರಳು ಹುಡುಕಿ ಮಲಗುತ್ತವೆ. ಮಧ್ಯಾಹ್ನದ ಊಟಕ್ಕೆ ಪಾರ್ಕಿನ ಬಸ್ಸಿನಲ್ಲಿ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ಗೆ ಹೋಗಿ, ಕಿಡಾನಿ ವಿಲೇಜ್ ಭಾಗದ ಸನಾ ರೆಸ್ಟೋರೆಂಟಿನಲ್ಲಿ ಕೂರಬಹುದು. ಆಫ್ರಿಕಾದ ಅಡುಗೆಯ ಜೊತೆಗೆ ಭಾರತದ ಮಸಾಲೆಯ ರುಚಿಯನ್ನೂ ಬೆರೆಸುವ ಈ ಸ್ಥಳದಲ್ಲಿ ಹಲವು ಬಗೆಯ ನಾನ್, ರೊಟ್ಟಿಗಳನ್ನು ಚಟ್ನಿ, ರಾಯತಗಳ ಸಾಲಿನೊಂದಿಗೆ ಕೊಡುವ ತಟ್ಟೆಯೊಂದು ಪ್ರಸಿದ್ಧವಾಗಿದೆ. ಸಸ್ಯಾಹಾರಿಗಳಿಗೆ ಇಡೀ ಡಿಸ್ನಿ ವರ್ಲ್ಡ್‌ನಲ್ಲಿ ಇದಕ್ಕಿಂತ ನೆಮ್ಮದಿಯ ಊಟ ಕಡಿಮೆ. ದೊಡ್ಡ ಕಿಟಕಿಗಳಾಚೆ ಜಿರಾಫೆ, ಜೀಬ್ರಾಗಳು ಮೇಯುವುದು ಕಾಣುತ್ತದೆ. ಕತ್ತಲಾದ ಮೇಲೆ ಈ ನೋಟ ಇರುವುದಿಲ್ಲವಾದ್ದರಿಂದ ಸನಾವನ್ನು ರಾತ್ರಿಯೂಟಕ್ಕೆ ಆರಿಸಿಕೊಳ್ಳಬಾರದು.

ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ಊಟಕ್ಕಾಗಿಯೇ ಸಮಯ ಕೊಡಬೇಕಾದ ಕಾರಣ ನನಗೆ ಕಾಣುವುದಿಲ್ಲ. ಹಳೆಯ ಕಾರುಗಳ ಆಕಾರದ ಆಸನಗಳಲ್ಲಿ ಕುಳಿತು ಪರದೆ ನೋಡುತ್ತ ಉಣ್ಣುವ ಸೈ-ಫೈ ರೆಸ್ಟೋರೆಂಟು ಮಕ್ಕಳಿಗೆ ಹಿಡಿಸುತ್ತದೆ. ಆದರೆ ಎಲ್ಲರೂ ಒಂದೇ ದಿಕ್ಕಿಗೆ ಮುಖಮಾಡಿ ಕೂರುವುದರಿಂದ ಕುಟುಂಬದವರೊಂದಿಗೆ ಮಾತನಾಡುತ್ತ ಉಣ್ಣುವವರಿಗೆ ಅದು ಸರಿಹೋಗದು.

ಸಸ್ಯಾಹಾರಿಗಳು ಮೆನುವಿನಲ್ಲಿ ಎಲೆಯ ಗುರುತನ್ನು ಹುಡುಕಬೇಕು. ಆ ಗುರುತಿರುವ ತಿನಿಸಿನಲ್ಲಿ ಮಾಂಸ ಮಾತ್ರವಲ್ಲ, ಮೊಟ್ಟೆ, ಹಾಲು, ಜೇನುತುಪ್ಪವೂ ಇರುವುದಿಲ್ಲ. ಗುರುತಿಲ್ಲದ ಸೂಪು, ಅನ್ನ, ಬೀನ್ಸುಗಳಲ್ಲಿ ಮಾಂಸದ ಸಾರು ಅಥವಾ ಕೊಬ್ಬು ಬೆರೆತಿರುವ ಸಾಧ್ಯತೆಯಿರುವುದರಿಂದ ಕೇಳಿ ತಿಳಿದುಕೊಳ್ಳಬೇಕು. ಮೆನುವಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಬಡಿಸಿದವರಿಗೆ ಬಿಲ್ಲಿನ ಶೇ 18ರಿಂದ 20ರಷ್ಟು ಟಿಪ್ಸ್ ಕೊಡುವುದು ಅಲ್ಲಿನ ರೂಢಿ. ಆರು ಅಥವಾ ಅದಕ್ಕಿಂತ ಹೆಚ್ಚು ಜನರ ಗುಂಪಾದರೆ ಶೇ 18ನ್ನು ಬಿಲ್ಲಿನಲ್ಲೇ ಸೇರಿಸಿರುತ್ತಾರೆ, ನೋಡಿಕೊಂಡು ಕೊಡಬೇಕು.

ಪಾರ್ಕು ಮತ್ತು ಹಡಗಿನ ನಡುವಿನ ಒಂದು ದಿನ

ಹಡಗು ಹೊರಡುವ ದಿನವೇ ಪಾರ್ಕಿನಿಂದ ಬಂದರಿಗೆ ಓಡುವುದರ ಬದಲು, ಹಿಂದಿನ ದಿನ ಹೊರಟು ಕೆನಡಿ ಬಾಹ್ಯಾಕಾಶ ಕೇಂದ್ರದ ಸಂದರ್ಶಕರ ವಿಭಾಗವನ್ನು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಇದು ಬಂದರಿಗೆ ಅತಿ ಸಮೀಪದಲ್ಲಿದ್ದು, ಪೂರ್ತಿ ಒಂದು ದಿನಕ್ಕೆ ತಕ್ಕಷ್ಟು ಸಂಗತಿಗಳನ್ನು ಹೊಂದಿದೆ. ಬೆಳಗ್ಗೆ ಬಂದ ಕೂಡಲೇ ಬಸ್ಸಿನಲ್ಲಿ ಅಪೊಲೊ ಮತ್ತು ಸ್ಯಾಟರ್ನ್ 5 ಕೇಂದ್ರಕ್ಕೆ ಹೋಗಬೇಕು. ಈ ಬಸ್ಸಿನ ಖರ್ಚು ಪ್ರವೇಶದರದಲ್ಲೇ ಸೇರಿದೆ, ಆದರೆ ಕೇಂದ್ರ ಮುಚ್ಚುವುದಕ್ಕೆ ಬಹಳ ಮೊದಲೇ ಕೊನೆಯ ಬಸ್ಸು ಹೊರಟುಬಿಡುತ್ತದೆ. ಮನುಷ್ಯರನ್ನು ಚಂದ್ರನಲ್ಲಿಗೆ ಒಯ್ದ ಮಾದರಿಯ, ಸುಮಾರು 110 ಮೀಟರ್ ಉದ್ದದ ನಿಜವಾದ ರಾಕೆಟ್ಟನ್ನು ಅಲ್ಲಿ ಅಡ್ಡವಾಗಿ ಮಲಗಿಸಿಟ್ಟಿದ್ದಾರೆ. ಅದರ ಕೆಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವಾಗ ಆಗುವ ಬೆರಗು ಚಿತ್ರಗಳಿಂದ ಸಿಗುವುದಿಲ್ಲ. ಚಂದ್ರನ ಕಲ್ಲಿನ ಒಂದು ತುಣುಕನ್ನು ಕೈಯಿಂದ ಮುಟ್ಟಲೂ ಬಿಡುತ್ತಾರೆ. ಮಧ್ಯಾಹ್ನದ ಊಟವನ್ನು ಅದೇ ಕಟ್ಟಡದ ಮೂನ್ ರಾಕ್ ಕೆಫೆಯಲ್ಲಿ ಮುಗಿಸಿದರೆ ಅವಸರವಿಲ್ಲದೆ ಹಿಂದಿರುಗಿ, 33 ಸಲ ಬಾಹ್ಯಾಕಾಶಕ್ಕೆ ಹೋಗಿ 2011ರ ಜುಲೈ 21ರಂದು ಕೊನೆಯ ಸಲ ಭೂಮಿಗಿಳಿದ ಅಟ್ಲಾಂಟಿಸ್ ನೌಕೆಯನ್ನು ಮಧ್ಯಾಹ್ನವೆಲ್ಲ ನೋಡಬಹುದು. ಆ ದಿನಗಳಲ್ಲಿ ರಾಕೆಟ್ ಉಡಾವಣೆ ಇದೆಯೇ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

ಹಡಗಿನ ಊಟ

ಹಡಗು ಹತ್ತುವ ದಿನ ದೊಡ್ಡ ಸಾಮಾನುಗಳು ಕೋಣೆಗೆ ತಲುಪಲು ಸಂಜೆಯಾಗಬಹುದು. ಈಜುಡುಗೆ, ಔಷಧಿ, ಪಾಸ್‌ಪೋರ್ಟುಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿಗೆ ತರಲು ಬಿಡುವುದಿಲ್ಲ. ತೆರೆಯದ ಪೊಟ್ಟಣದಲ್ಲಿರುವ, ಕೆಡದ ತಿನಿಸನ್ನು ತರಬಹುದು. ಹತ್ತಿದ ಕೂಡಲೇ ಎಲ್ಲರೂ ಬಫೆಗೆ ನುಗ್ಗುತ್ತಾರೆ. ಸ್ವಲ್ಪ ತಡೆದು ಹಡಗನ್ನು ಒಂದು ಸುತ್ತು ನೋಡಿ ಬಂದರೆ ಸಾಲು ಕರಗಿರುತ್ತದೆ. ಹೊರಡುವ ಹೊತ್ತಿಗೆ ಮೇಲಿನ ಡೆಕ್ಕಿನಲ್ಲಿ ಎಡಬದಿಗೆ ನಿಲ್ಲಬೇಕು. ಕಾಲುವೆಯಿಂದ ಪೂರ್ವಕ್ಕೆ ಸಾಗಿ ಸಮುದ್ರ ಸೇರುವಾಗ ಉತ್ತರದ ಕೇಪ್ ಕೆನಾವೆರಲ್ ಭೂಶಿರ ಆ ಕಡೆ ಇರುತ್ತದೆ.

ಡಿಸ್ನಿ ಹಡಗುಗಳಲ್ಲಿ ಮೂರು ಮುಖ್ಯ ರೆಸ್ಟೋರೆಂಟುಗಳಿದ್ದು, ಪ್ರಯಾಣಿಕರು ದಿನಕ್ಕೊಂದರಂತೆ ಸರದಿಯಲ್ಲಿ ಅವುಗಳಿಗೆ ಹೋಗುತ್ತಾರೆ. ಬಡಿಸುವ ಸಿಬ್ಬಂದಿಯೂ ಅವರ ಜೊತೆಯಲ್ಲೇ ರೆಸ್ಟೋರೆಂಟು ಬದಲಿಸುತ್ತಾರೆ. ಈ ವ್ಯವಸ್ಥೆಯ ಲಾಭ ದೊಡ್ಡದು. ಮೊದಲ ರಾತ್ರಿಯೇ ನಮ್ಮ ರುಚಿ, ಪಥ್ಯ, ಮಕ್ಕಳ ಹಠ ಎಲ್ಲವನ್ನೂ ಸಿಬ್ಬಂದಿಗೆ ವಿವರವಾಗಿ ಹೇಳಿದರೆ ಮುಂದಿನ ರಾತ್ರಿಗಳಲ್ಲಿ ಮತ್ತೆ ಹೇಳಬೇಕಾಗುವುದಿಲ್ಲ. ಮೆನುವಿನಲ್ಲಿಲ್ಲದ ಭಾರತೀಯ ಸಸ್ಯಾಹಾರಿ ಅಡುಗೆಯನ್ನು ಹಿಂದಿನ ದಿನವೇ ಕೇಳಿಕೊಂಡರೆ ಮಾಡಿಕೊಡುವುದುಂಟು. ಸಂಕೋಚಪಟ್ಟು ಬರೀ ಸಲಾಡು ತಿಂದು ಏಳಬಾರದು. ಈ ರೆಸ್ಟೋರೆಂಟುಗಳ ಊಟ ಪ್ರಯಾಣದರದಲ್ಲೇ ಸೇರಿದ್ದು, ಎರಡು ಬಗೆ ಬೇಕೆನಿಸಿದರೆ ಎರಡನ್ನೂ ತರಿಸಿಕೊಳ್ಳಬಹುದು. ಮದ್ಯ ಮತ್ತು ವಯಸ್ಕರ ರೆಸ್ಟೋರೆಂಟುಗಳಿಗೆ ಬೇರೆ ಹಣ. ಸಿಬ್ಬಂದಿಯ ಟಿಪ್ಸ್ ದಿನಕ್ಕೆ ತಲೆಗಿಷ್ಟು ಎಂದು ಖಾತೆಗೆ ಸೇರುತ್ತದೆ.

ರಾತ್ರಿಯೂಟಕ್ಕೆ ಎರಡು ಪಂಕ್ತಿಗಳಿವೆ: ಸಾಮಾನ್ಯವಾಗಿ ಒಂದು 5:45ಕ್ಕೆ, ಇನ್ನೊಂದು 8:15ಕ್ಕೆ. ಮೊದಲ ಪಂಕ್ತಿಯವರು ಊಟದ ನಂತರ ನಾಟಕ ನೋಡುತ್ತಾರೆ, ಎರಡನೆಯವರು ನಾಟಕ ನೋಡಿ ಊಟಕ್ಕೆ ಬರುತ್ತಾರೆ. ಚಿಕ್ಕ ಮಕ್ಕಳಿರುವವರು ಮೊದಲ ಪಂಕ್ತಿಯನ್ನೇ ಆರಿಸಬೇಕೆಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಬಂದರಿನಲ್ಲಿ ಸಂಜೆಯವರೆಗೆ ಅಡ್ಡಾಡಿದ ದಿನ 5:45ರ ಊಟಕ್ಕೆ ಮಕ್ಕಳನ್ನು ತೊಳೆದು ತಯಾರು ಮಾಡುವುದು ಸುಲಭವಲ್ಲ, ಮೇಲಾಗಿ ಸೂರ್ಯಾಸ್ತವೂ ಕೈತಪ್ಪಬಹುದು. ಎರಡನೆಯ ಪಂಕ್ತಿಯಲ್ಲಿ ಮಕ್ಕಳಿಗೆ ಬೇಗ ಬಡಿಸಿ, ಮಕ್ಕಳ ಕ್ಲಬ್ಬಿನ ಸಿಬ್ಬಂದಿ ಬಂದು ಅವರನ್ನು ಆಟಕ್ಕೆ ಕರೆದೊಯ್ಯುವ ಅನುಕೂಲವೂ ಇದೆ. ಎಂಟು ಗಂಟೆಗೇ ನಿದ್ದೆಗೆ ಜಾರುವ ಮಗುವಿದ್ದರೆ ಮಾತ್ರ ಮೊದಲ ಪಂಕ್ತಿಯೇ ಸರಿ.

ಕೆಲವು ರೆಸ್ಟೋರೆಂಟುಗಳು ತಾವೇ ಒಂದು ಪ್ರದರ್ಶನವಾಗಿವೆ. 2022ರಲ್ಲಿ ಯಾನ ಆರಂಭಿಸಿದ ಡಿಸ್ನಿ ವಿಷ್ ಹಡಗಿನ ಆರೆಂಡೆಲ್‌ನಲ್ಲಿ ಊಟದ ನಡುವೆಯೇ ಕಲಾವಿದರು ಹಾಡಿ ಅಭಿನಯಿಸುತ್ತಾರೆ. ಡ್ರೀಮ್ ಮತ್ತು ಫ್ಯಾಂಟಸಿ ಹಡಗುಗಳ ಆ್ಯನಿಮೇಟರ್ಸ್ ಪ್ಯಾಲೆಟ್‌ನಲ್ಲಿ ಪರದೆಯ ಮೇಲಿನ ಆಮೆ ಮೇಜಿನಲ್ಲಿ ಕುಳಿತವರೊಂದಿಗೆ ಮಾತಿಗಿಳಿಯುತ್ತದೆ. ಪಾಲೊದಲ್ಲಿ ಉಣ್ಣಬೇಕೆಂದಿರುವ ದಂಪತಿಗಳು ತಮ್ಮ ಸರದಿಯ ಪಟ್ಟಿಯನ್ನು ನೋಡಿ, ಇಂಥ ರಾತ್ರಿಗಳನ್ನು ಮಕ್ಕಳೊಂದಿಗೆ ಉಳಿಸಿಕೊಂಡು, ಬೇರೆ ರಾತ್ರಿಯನ್ನು ಆರಿಸಿಕೊಳ್ಳಬೇಕು.

ನಸ್ಸೌ ಮತ್ತು ದ್ವೀಪದ ದಿನ

ಬಹಾಮಾಸ್‌ನ ರಾಜಧಾನಿ ನಸ್ಸೌದಲ್ಲಿ ಅನೇಕರು ಹಡಗಿನಿಂದ ಇಳಿಯುವುದೇ ಇಲ್ಲ, ಇಳಿದರೂ ಬಂದರಿನೆದುರಿನ ಅಂಗಡಿಗಳಿಂದಲೇ ಹಿಂದಿರುಗುತ್ತಾರೆ. ಇದು ನಷ್ಟವೆಂದೇ ನನ್ನ ಭಾವನೆ. ಹಡಗಿನಲ್ಲಿ ಚೆನ್ನಾಗಿ ಉಪಾಹಾರ ಮುಗಿಸಿ, ಬಿಸಿಲೇರುವ ಮೊದಲೇ ನಡೆದು ಕ್ವೀನ್ಸ್ ಸ್ಟೇರ್‌ಕೇಸ್‌ಗೆ ಹೋಗಬೇಕು. 18ನೇ ಶತಮಾನದ ಕೊನೆಯಲ್ಲಿ ಗುಲಾಮರು ಸುಣ್ಣದ ಕಲ್ಲನ್ನು ಕೈಯಿಂದ ಕಡಿದು ಮಾಡಿದ ಈ 65 ಮೆಟ್ಟಿಲುಗಳ ದಾರಿಗೆ ಆಮೇಲೆ ವಿಕ್ಟೋರಿಯಾ ರಾಣಿಯ ಹೆಸರು ಬಂತು. ಮೇಲೆ ಹತ್ತಿದರೆ 1793ರ ಫಿನ್‌ಕ್ಯಾಸಲ್ ಕೋಟೆಯಿಂದ ಊರೂ ಬಂದರೂ ಕಾಣುತ್ತವೆ. ಇಳಿದು ಬರುವಾಗ, ಹಿಂದೆ ಗುಲಾಮರನ್ನು ಮಾರುತ್ತಿದ್ದ ವೆಂಡ್ಯೂ ಹೌಸ್‌ನಲ್ಲಿರುವ ಪಾಂಪೆ ವಸ್ತುಸಂಗ್ರಹಾಲಯವನ್ನು ನೋಡಿದರೆ ಆ ಮೆಟ್ಟಿಲುಗಳನ್ನು ಕಡಿದವರ ಕಥೆ ಮನಸ್ಸಿಗೆ ತಟ್ಟುತ್ತದೆ.

ಊಟಕ್ಕೆ ಟ್ಯಾಕ್ಸಿಯಲ್ಲಿ ಅರವಾಕ್ ಕೇಗೆ ಹೋಗಬಹುದು. ಅಲ್ಲಿ ಸಾಲಾಗಿರುವ ಸಣ್ಣ ಹೋಟೆಲುಗಳಲ್ಲಿ, ಕಾಂಕ್ ಎಂಬ ದೊಡ್ಡ ಶಂಖದ ಹುಳುವಿನ ಹಸಿ ಮಾಂಸವನ್ನು ಈರುಳ್ಳಿ, ಟೊಮೆಟೊ, ಮೆಣಸಿನಕಾಯಿ, ನಿಂಬೆರಸದೊಂದಿಗೆ ಕಣ್ಣೆದುರೇ ಹೆಚ್ಚಿ ಕಲಸಿಕೊಡುತ್ತಾರೆ. ಹಸಿಯದು ಒಗ್ಗದವರಿಗೆ ಕರಿದದ್ದೂ ಸಿಗುತ್ತದೆ. ಕಾಳು ಬೆರೆಸಿದ ಅನ್ನ ನೋಡಲು ಸಸ್ಯಾಹಾರದಂತಿದ್ದರೂ ಅದಕ್ಕೆ ಹಲವೆಡೆ ಹಂದಿಮಾಂಸ ಹಾಕುತ್ತಾರೆ, ವಿಚಾರಿಸದೆ ತಿನ್ನಬಾರದು. ಬಹಾಮಾಸ್ ಡಾಲರಿನ ಬೆಲೆ ಅಮೆರಿಕದ ಡಾಲರಿಗೆ ಸಮವಾಗಿದ್ದು ಎರಡೂ ಚಲಾವಣೆಯಲ್ಲಿವೆ. ಸೇವಾಶುಲ್ಕವನ್ನು ಬಿಲ್ಲಿನಲ್ಲೇ ಸೇರಿಸುವ ಪದ್ಧತಿ ಇಲ್ಲಿ ಸಾಮಾನ್ಯ. ಹಡಗಿಗೆ ಮರಳುವ ಗಡುವನ್ನು ಹಡಗಿನ ಗಡಿಯಾರದ ಪ್ರಕಾರವೇ ಲೆಕ್ಕಹಾಕಬೇಕು.

ಡಿಸ್ನಿಯ ಕ್ಯಾಸ್ಟವೇ ಕೇ ದ್ವೀಪಕ್ಕೆ ಹಿಂದೆ ಗೋರ್ಡಾ ಕೇ ಎಂಬ ಹೆಸರಿತ್ತು. ಹಡಗು ನೇರವಾಗಿ ದಡಕ್ಕೇ ಹತ್ತಿ ನಿಲ್ಲುವುದರಿಂದ ದೋಣಿಗೆ ಕಾಯಬೇಕಿಲ್ಲ, ಮಧ್ಯಾಹ್ನದ ಊಟವೂ ಪ್ರಯಾಣದರದಲ್ಲೇ ಸೇರಿದೆ. ಬೆಳಗ್ಗೆ ಬೇಗ ಇಳಿದವರಿಗೆ ನೆರಳಿನ ಕುರ್ಚಿಗಳು ಸಿಗುತ್ತವೆ. ಮೀನುಗಳನ್ನು ನೋಡುತ್ತ ಈಜುವ ಕೊಳದಲ್ಲೂ ಆ ಹೊತ್ತಿಗೆ ಜನ ಕಡಿಮೆ. ಊಟದ ಮನೆ ತೆರೆದ ಕೂಡಲೇ ಉಂಡು, ಉಳಿದವರು ಸಾಲಿನಲ್ಲಿರುವಾಗ ಬಾಡಿಗೆ ಸೈಕಲ್ಲಿನಲ್ಲಿ ದ್ವೀಪದ ಒಳದಾರಿಯ ವೀಕ್ಷಣಾ ಗೋಪುರಕ್ಕೆ ಹೋಗಿಬರಬಹುದು. ಮಕ್ಕಳಿಲ್ಲದೆ ಬಂದವರಿಗೆ ಸೆರೆನಿಟಿ ಬೇ ಎಂಬ ವಯಸ್ಕರ ದಂಡೆಯಲ್ಲಿ ಬೇರೆಯೇ ಊಟದ ವ್ಯವಸ್ಥೆಯಿದೆ. ಕೆಲವು ಯಾನಗಳು 2024ರ ಜೂನ್‌ನಲ್ಲಿ ತೆರೆದ, ಎಲ್ಯೂಥೆರಾ ದ್ವೀಪದ ಲುಕೌಟ್ ಕೇಗೆ ಹೋಗುತ್ತವೆ. ಅಲ್ಲಿ ಹಡಗುಕಟ್ಟೆ ಬಹಳ ಉದ್ದವಾಗಿರುವುದರಿಂದ ವೃದ್ಧರು ಮತ್ತು ಚಿಕ್ಕ ಮಕ್ಕಳೊಂದಿಗೆ ಇಳಿಯುವವರು ನಡಿಗೆಗೆ ಸಿದ್ಧರಾಗಿರಬೇಕು.

ಕೊನೆಯ ಬೆಳಗು

ಕೊನೆಯ ದಿನದ ಉಪಾಹಾರವನ್ನು ಹಿಂದಿನ ರಾತ್ರಿ ಉಂಡ ರೆಸ್ಟೋರೆಂಟಿನಲ್ಲಿಯೇ, ಅದೇ ಮೇಜಿನಲ್ಲಿ ಬಡಿಸುತ್ತಾರೆ. ಮೊದಲ ಪಂಕ್ತಿಯವರು ಸಾಕಷ್ಟು ಬೇಗ ಏಳಬೇಕಾಗುತ್ತದೆ. ದೊಡ್ಡ ಸಾಮಾನುಗಳನ್ನು ಹಿಂದಿನ ರಾತ್ರಿಯೇ ಕೋಣೆಯ ಹೊರಗಿಡುವುದರಿಂದ ಬೆಳಗಿನ ಬಟ್ಟೆಯನ್ನು ತೆಗೆದಿಟ್ಟುಕೊಂಡಿರಬೇಕು. ವಿಮಾನ ಸಂಜೆಗಿದ್ದು ಕಾರಿನ ವ್ಯವಸ್ಥೆಯಿದ್ದರೆ, ಬಾಹ್ಯಾಕಾಶ ಕೇಂದ್ರಕ್ಕೆ ಹೊಂದಿಕೊಂಡಿರುವ ಮೆರಿಟ್ ಐಲ್ಯಾಂಡ್ ವನ್ಯಜೀವಿಧಾಮದ ಬ್ಲ್ಯಾಕ್ ಪಾಯಿಂಟ್ ದಾರಿಯಲ್ಲಿ ಒಂದು ಸುತ್ತು ಹೋಗಬಹುದು. ಏಳು ಮೈಲಿಯ ಈ ಏಕಮುಖ ದಾರಿಯಲ್ಲಿ ಕಾರಿನಲ್ಲಿ ಕುಳಿತೇ ನೀರುಹಕ್ಕಿಗಳನ್ನು ನೋಡಬಹುದು. ಚಳಿಗಾಲದಲ್ಲಿ ಅವುಗಳ ಸಂಖ್ಯೆ ಹೆಚ್ಚು. ದಾರಿಯಲ್ಲಿ ತಿಂಡಿಯ ಅಂಗಡಿಗಳಿಲ್ಲ. ಹಡಗಿನ ಹಣ್ಣು, ತಿಂಡಿಗಳನ್ನು ದಡಕ್ಕೆ ಒಯ್ಯಲು ಕೃಷಿ ನಿಯಮಗಳು ಬಿಡುವುದಿಲ್ಲವಾದ್ದರಿಂದ, ಬಂದರಿನಿಂದ ಹೊರಬಂದ ಮೇಲೆ ಊರಿನ ಅಂಗಡಿಯೊಂದರಲ್ಲಿ ಬುತ್ತಿಯನ್ನೂ ನೀರನ್ನೂ ಕೊಂಡು ಹೊರಡಬೇಕು.